ಹೆಸರು ಅಳಿಸಿದರೂ ಗುರುತು ಉಳಿಯುತ್ತದೆ

ನೀವು ಬಳಸುವ ಕಲಿಕೆಯ ಆ್ಯಪ್ "ಹೆಸರು ತೆಗೆದು ನಿಮ್ಮ ಡೇಟಾವನ್ನು ಸಂಶೋಧನೆಗೆ ಬಳಸುತ್ತೇವೆ" ಅನ್ನುತ್ತಿದೆ, ಹೆಸರು ತೆಗೆದರೆ ಸಾಕಾ ಅಂತ ಕೇಳಿದ್ದೀರಿ. ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುವ ಆಸೆ ಇದೆ, ಮಾಡೋಕೆ ಇನ್ನೂ ಏನಾದರೂ ಉಳಿದಿದೆಯಾ ಅಂತಲೂ ಕೇಳಿದ್ದೀರಿ.

ಹೆಸರು ತೆಗೆದರೆ ಸಾಲದು. ಮಾಡೋಕೆ ಉಳಿದಿರುವುದು ಬೇಕಾದಷ್ಟಿದೆ. ನಾನು ಕೆಲವು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಸ್ವಲ್ಪ ಉದ್ದವಾದರೂ ಬಿಡಿಸಿ ಹೇಳುತ್ತೇನೆ.

ಮೊದಲು ನನಗೇ ಆದ ಅನುಭವ. ಓದುವಾಗ ನಮ್ಮ ಲ್ಯಾಬ್‌ನಲ್ಲಿ ಪ್ರೋಗ್ರಾಮಿಂಗ್ ಕಲಿಸುವ ಒಂದು ಟ್ಯೂಟರ್ ಸಾಫ್ಟ್‌ವೇರ್ ಇತ್ತು. ಅದನ್ನು ಮೊದಲು ಬಳಸಿ ನೋಡಿದವರು ವಿದ್ಯಾರ್ಥಿಗಳಾದ ನಾವೇ. ಆಮೇಲೆ ಹೆಸರು, ಇಮೇಲ್, ರೋಲ್ ನಂಬರ್ ಎಲ್ಲ ತೆಗೆದು, ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಕೊಟ್ಟು, ಆ ಲಾಗ್ ಫೈಲನ್ನು ವಿಶ್ಲೇಷಣೆಗೆ ಅಂತ ನನ್ನ ಕೈಗೆ ಕೊಟ್ಟರು. ಒಂದು ಸಾಲಿನಲ್ಲಿ ಇದ್ದದ್ದು ಇಷ್ಟೇ: ವಿದ್ಯಾರ್ಥಿಯ ಸಂಖ್ಯೆ, ಲೆಕ್ಕದ ಸಂಖ್ಯೆ, ಕೊಟ್ಟ ಉತ್ತರ, ಸರಿಯೋ ತಪ್ಪೋ, ಎಷ್ಟು ಸಲ ಹಿಂಟ್ ಕೇಳಿದರು, ದಿನಾಂಕ, ಸಮಯ. ಕುತೂಹಲಕ್ಕೆ ನನ್ನನ್ನೇ ಹುಡುಕಿದೆ. ಲೂಪ್‌ಗಳ ಅಧ್ಯಾಯವನ್ನು ಒಂದು ರಾತ್ರಿ ಎರಡು ಗಂಟೆಗೆ ಮಾಡಿದ್ದು ನೆನಪಿತ್ತು. ಆ ಹೊತ್ತಿಗೆ ಫೈಲ್‌ನಲ್ಲಿ ಇದ್ದವರು ಇಬ್ಬರೇ. ಒಬ್ಬರು ನಾನು. ಇನ್ನೊಬ್ಬಳು ನನ್ನ ಗೆಳತಿ, ಯಾಕೆಂದರೆ ಅವತ್ತು ಇಬ್ಬರೂ ಒಂದೇ ಮೇಜಿಗೆ ಕೂತಿದ್ದೆವು. ಒಂದೇ ಲೆಕ್ಕಕ್ಕೆ ಅವಳು ಹದಿನೇಳು ಸಲ ತಪ್ಪು ಉತ್ತರ ಕೊಟ್ಟಿದ್ದಳು. ಹದಿನೆಂಟನೇ ಸಲ ಏನನ್ನೂ ಬರೆಯದೆ ಬಿಟ್ಟಿದ್ದಳು. ಪಕ್ಕದಲ್ಲೇ ಕೂತಿದ್ದರೂ ಅವತ್ತು ನನಗೆ ಅದು ಗೊತ್ತಾಗಿರಲಿಲ್ಲ. ಅವಳು ಹೇಳಿಕೊಂಡಿರಲಿಲ್ಲ. ಫೈಲ್ ಹೇಳಿಬಿಟ್ಟಿತು.

ನಾನು ಈ ಕೆಲಸಕ್ಕೆ ಬಂದದ್ದು ಆ ಫೈಲ್ ತೆರೆದು ನೋಡಿದ ಒಂದು ಸಂಜೆಯಿಂದ.

ದೊಡ್ಡ ಫೈಲ್‌ಗಳಲ್ಲೂ ಇದೇ ಆಗಿದೆ. ಅಮೆರಿಕದ ಸಂಶೋಧಕಿ ಲತಾನ್ಯಾ ಸ್ವೀನಿ ಅಲ್ಲಿನ 1990ರ ಜನಗಣತಿ ಇಟ್ಟುಕೊಂಡು ಲೆಕ್ಕ ಹಾಕಿದರು. ಹುಟ್ಟಿದ ದಿನಾಂಕ, ಲಿಂಗ, ಐದಂಕಿಯ ಪಿನ್ ಕೋಡ್, ಈ ಮೂರು ಗೊತ್ತಿದ್ದರೆ ಸಾಕು, ಆ ದೇಶದ ಶೇ. 87 ಜನರನ್ನು ಬೇರೆ ಯಾರ ಜೊತೆಗೂ ಗೊಂದಲ ಆಗದಂತೆ ಗುರುತಿಸಬಹುದು ಅಂತ ತೋರಿಸಿದರು. 2006ರಲ್ಲಿ ನೆಟ್‌ಫ್ಲಿಕ್ಸ್ ಸುಮಾರು 10 ಕೋಟಿ ರೇಟಿಂಗ್‌ಗಳನ್ನು ಹೆಸರು ತೆಗೆದು ಹೊರಗೆ ಬಿಟ್ಟಿತು. ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೋವ್ ಅನ್ನುವ ಸಂಶೋಧಕರು 2008ರಲ್ಲಿ ಅದನ್ನು ಬಿಚ್ಚಿಟ್ಟರು. ಒಬ್ಬರು ನೋಡಿದ ಎಂಟು ಸಿನಿಮಾಗಳ ರೇಟಿಂಗ್ ಮತ್ತು ಹೆಚ್ಚುಕಡಿಮೆ ದಿನಾಂಕ ಗೊತ್ತಿದ್ದು, ಅದರಲ್ಲಿ ಎರಡು ಪೂರ್ತಿ ತಪ್ಪಿದ್ದರೂ, ಶೇ. 99 ಸಲ ಫೈಲ್‌ನಲ್ಲಿ ಅದಕ್ಕೆ ಹೊಂದುವವರು ಒಬ್ಬರೇ ಸಿಗುತ್ತಾರೆ. ಸಿನಿಮಾ ಎಂಟಕ್ಕೇ ಹೀಗೆ. ಕಲಿಕೆಯ ಲಾಗ್‌ನಲ್ಲಿ ಒಬ್ಬರದ್ದೇ ಸಾವಿರಾರು ಉತ್ತರ ಇರುತ್ತವೆ, ಸೆಕೆಂಡಿನ ಲೆಕ್ಕದಲ್ಲಿ ಸಮಯ ಇರುತ್ತದೆ.

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ ಉದಾಹರಣೆ ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕೋರ್ಸ್‌ಗಳ ತಾಣ. 2014ರಲ್ಲಿ ಹಾರ್ವರ್ಡ್ ಮತ್ತು ಎಂಐಟಿ ತಮ್ಮ 16 ಆನ್‌ಲೈನ್ ಕೋರ್ಸ್‌ಗಳ ಡೇಟಾವನ್ನು ಸಂಶೋಧಕರಿಗಾಗಿ ಹೊರಗೆ ಕೊಟ್ಟವು. ಬೇಕಾಬಿಟ್ಟಿ ಕೊಟ್ಟಿರಲಿಲ್ಲ, ಕಷ್ಟಪಟ್ಟಿದ್ದರು. ದೇಶ, ವಯಸ್ಸು, ಓದು, ಸೇರಿದ ಕೋರ್ಸ್‌ಗಳು, ಇಂಥ ವಿವರಗಳಲ್ಲಿ ಪ್ರತಿಯೊಬ್ಬರೂ ಕನಿಷ್ಠ ಇನ್ನೂ ನಾಲ್ವರ ಹಾಗೇ ಕಾಣಬೇಕು, ಹಾಗೆ ಕಾಣದವರನ್ನು ಫೈಲ್‌ನಿಂದ ತೆಗೆಯಬೇಕು ಅಂತ ನಿಯಮ ಇಟ್ಟುಕೊಂಡಿದ್ದರು. ಇದಕ್ಕೆ ಕೆ-ಅನಾನಿಮಿಟಿ ಅಂತಾರೆ. ಗುಂಪಿನಲ್ಲಿ ಕರಗಿಸಿಬಿಡುವ ಉಪಾಯ.

ಆದದ್ದು ಎರಡು. ಒಂದು, ಹಲವು ಕೋರ್ಸ್ ಸೇರಿದವರು, ತುಂಬಾ ಚುರುಕಾಗಿ ಭಾಗವಹಿಸಿದವರು ಬೇರೆಯವರ ಹಾಗೆ ಕಾಣುವುದೇ ಇಲ್ಲ. ನಿಯಮ ಹಾಕಿದಾಗ ಫೈಲ್‌ನಿಂದ ಜಾಸ್ತಿ ಹೊರಗೆ ಬಿದ್ದವರು ಅವರೇ. ಹಾಗಾಗಿ ಸರ್ಟಿಫಿಕೇಟ್ ಪಡೆದವರ ಪ್ರಮಾಣವೇ ಬದಲಾಗಿ, ಅಸಲಿ ಡೇಟಾ ಒಂದು ಹೇಳಿದರೆ ಹೊರಗೆ ಬಂದ ಡೇಟಾ ಇನ್ನೊಂದು ಹೇಳತೊಡಗಿತು. ಇದನ್ನು ಆ ತಂಡದವರೇ ಪ್ರಾಮಾಣಿಕವಾಗಿ ಬರೆದುಕೊಂಡಿದ್ದಾರೆ. ಅದು ನನಗೆ ತುಂಬಾ ಇಷ್ಟವಾದ ವಿಷಯ.

ಎರಡನೆಯದು ಅದಕ್ಕಿಂತ ಗಂಭೀರ. ಇಷ್ಟೆಲ್ಲ ಮಾಡಿದರೂ ಗುರುತು ಉಳಿಯಿತು. ಅಲೋನಿ ಕೋಹೆನ್ 2022ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಲಿಂಕ್ಡ್‌ಇನ್ ನೋಡಿಯೇ ಮೂವರು ವಿದ್ಯಾರ್ಥಿಗಳನ್ನು ಗುರುತಿಸಿ ತೋರಿಸಿದರು. ಮುಗಿಸಿದ ಕೋರ್ಸ್‌ಗಳ ಸರ್ಟಿಫಿಕೇಟ್‌ಗಳನ್ನು ಜನ ಖುಷಿಯಿಂದ ಅಲ್ಲಿ ಹಾಕಿಕೊಳ್ಳುತ್ತಾರೆ, ಅಲ್ವಾ? ಅದನ್ನು ಫೈಲ್ ಜೊತೆ ತಾಳೆ ಹಾಕಿದರೆ ಸಾಲು ಸಿಗುತ್ತದೆ. ಆ ಸಾಲಿನಲ್ಲಿ ಅವರು ಎಲ್ಲೂ ಹೇಳಿಕೊಳ್ಳದ ಸಂಗತಿಯೂ ಇತ್ತು: ಸೇರಿ, ಮುಗಿಸದೆ ಬಿಟ್ಟ ಕೋರ್ಸ್‌ಗಳು. ನನ್ನ ಗೆಳತಿಯ ಹದಿನೇಳು ತಪ್ಪುಗಳ ಜಾತಿಯದ್ದೇ ಇದು. ಗೆದ್ದದ್ದನ್ನು ನಾವೇ ಹೇಳಿಕೊಳ್ಳುತ್ತೇವೆ, ಸೋತದ್ದನ್ನು ಅದರ ಎಳೆ ಹಿಡಿದು ಹುಡುಕಬಹುದು.

ಹಾಗಾದರೆ ಕಲಿಸುವ ಸಾಫ್ಟ್‌ವೇರ್‌ಗೆ ಈ ತಪ್ಪುಗಳೆಲ್ಲ ಯಾಕೆ ಬೇಕು? ಇಲ್ಲಿ ಸ್ವಲ್ಪ ಒಳಗೆ ಹೋಗೋಣ. ಇದನ್ನು ನೋಡದೆ ಪ್ರೈವಸಿ ಮಾತಾಡಿದರೆ ಪ್ರಯೋಜನವಿಲ್ಲ.

1990ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆಲ್ಬರ್ಟ್ ಕಾರ್ಬೆಟ್ ಮತ್ತು ಜಾನ್ ಆಂಡರ್ಸನ್ ಕಲಿಯುವವರಿಗೆ ಎಷ್ಟು ಬಂದಿದೆ ಅಂತ ಅವರ ಉತ್ತರಗಳಿಂದಲೇ ಅಂದಾಜು ಮಾಡುವ ಒಂದು ವಿಧಾನ ಕೊಟ್ಟರು, ಬೇಸಿಯನ್ ನಾಲೆಡ್ಜ್ ಟ್ರೇಸಿಂಗ್ ಅಂತ. ಇವತ್ತಿಗೂ ಅದು ಬಳಕೆಯಲ್ಲಿದೆ. ಭಿನ್ನರಾಶಿ ಕೂಡುವುದನ್ನೇ ತೆಗೆದುಕೊಳ್ಳಿ. ಒಂದು ಮಗುವಿಗೆ ಅದು ಬರುವ ಸಾಧ್ಯತೆ ಶುರುವಿನಲ್ಲಿ ಶೇ. 40 ಅಂತ ಇಟ್ಟುಕೊಳ್ಳೋಣ. ಬಂದರೂ ಕೈತಪ್ಪಿ ತಪ್ಪು ಮಾಡುವುದು ಶೇ. 10, ಬರದಿದ್ದರೂ ಊಹೆ ಮಾಡಿ ಸರಿ ಉತ್ತರ ಹೊಡೆಯುವುದು ಶೇ. 20. ಈಗ ಮಗು ಸರಿ ಉತ್ತರ ಕೊಟ್ಟಿತು. ಬಂದು ಸರಿ ಮಾಡಿರುವ ಪಾಲು 0.4 × 0.9, ಅಂದರೆ 0.36. ಬರದೆ ಊಹಿಸಿರುವ ಪಾಲು 0.6 × 0.2, ಅಂದರೆ 0.12. ಒಟ್ಟು 0.48ರಲ್ಲಿ 0.36. ಶೇ. 40 ಇದ್ದದ್ದು ಶೇ. 75 ಆಯಿತು. ತಪ್ಪು ಉತ್ತರ ಕೊಟ್ಟಿದ್ದರೆ ಇದೇ ಲೆಕ್ಕದಲ್ಲಿ 0.52ರಲ್ಲಿ 0.04, ಸುಮಾರು ಶೇ. 8ಕ್ಕೆ ಇಳಿಯುತ್ತಿತ್ತು. ಲೆಕ್ಕ ಮಾಡುತ್ತಾ ಮಾಡುತ್ತಲೇ ಕಲಿತಿರಬಹುದು ಅಂತ ಅದಕ್ಕೆ ಸ್ವಲ್ಪ ಸೇರಿಸಿ, ಮುಂದಿನ ಲೆಕ್ಕ ಕೊಡುತ್ತಾರೆ. ಸಾಮಾನ್ಯವಾಗಿ ಶೇ. 95 ಮುಟ್ಟಿದರೆ ಈ ವಿದ್ಯೆ ಬಂತು ಅಂತ ಮುಂದಕ್ಕೆ ಕಳಿಸುತ್ತಾರೆ.

ಶೇ. 75 ಅನ್ನೋ ಸಂಖ್ಯೆ ಕೈಗೆ ಬಂದ ಮೇಲೆ ಆ ಮಗು ಕೊಟ್ಟ ಉತ್ತರ ಇನ್ನೂ ಬೇಕಾ? ಮುಂದಿನ ಲೆಕ್ಕ ಆರಿಸೋಕೆ ಬೇಡ. ಆ ಒಂದು ಸಂಖ್ಯೆ ಸಾಕು. ಎಷ್ಟು ಗಂಟೆಗೆ ಕೂತಿತ್ತು, ಎಷ್ಟು ಸಲ ಅಳಿಸಿ ಬರೆಯಿತು, ಹದಿನೇಳು ಸಲ ಎಲ್ಲಿ ಎಡವಿತು, ಇದ್ಯಾವುದನ್ನೂ ಇಟ್ಟುಕೊಳ್ಳದೆ ಈ ವಿಧಾನದಲ್ಲಿ ಪಾಠ ನಡೆಸಬಹುದು. ಹಾಗಿದ್ದೂ ಬಹುತೇಕ ವ್ಯವಸ್ಥೆಗಳು ಎಲ್ಲವನ್ನೂ ಇಟ್ಟುಕೊಳ್ಳುತ್ತವೆ. ಶುರುವಿನ ಆ 40, 10, 20ನ್ನು ಸರಿಯಾಗಿ ಅಂದಾಜು ಮಾಡೋಕೆ ಹಳೆಯ ಲಾಗ್‌ಗಳು ಬೇಕು, ಅದು ನಿಜವಾದ ಕಾರಣ. ಮುಂದೆ ಯಾವತ್ತಾದರೂ ಬೇಕಾಗಬಹುದು ಅನ್ನುವುದು ಇನ್ನೊಂದು ಕಾರಣ. ಅದನ್ನು ನಾನು ಒಪ್ಪುವುದಿಲ್ಲ.

2015ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಇದೇ ಕೆಲಸಕ್ಕೆ ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆಗಳಿಂದ ತಾನೇ ಕಲಿಯುವ ಪ್ರೋಗ್ರಾಂ, ಬಳಸಿದರು. ಹೀಗೆ ಡೇಟಾದಿಂದ ಕಲಿತು ಅಂದಾಜು ಮಾಡುವುದಕ್ಕೆ ಮಾಡೆಲ್ ಅಂತಾರೆ. ಆಮೇಲೆ ಬಂದ ಕೆಲವು ಮಾಡೆಲ್‌ಗಳು ಪ್ರತಿ ಸಲವೂ ಹಿಂದಿನ ಉತ್ತರಗಳ ಸಾಲನ್ನೇ ತಿರುಗಿ ನೋಡುತ್ತವೆ. ಅಲ್ಲಿ ಒಂದು ಸಂಖ್ಯೆ ಇಟ್ಟುಕೊಂಡು ಉಳಿದದ್ದು ಬಿಸಾಡೋಣ ಅನ್ನೋಕೆ ಆಗುವುದಿಲ್ಲ. ಯಾವ ಮಾಡೆಲ್ ಆರಿಸುತ್ತೇವೆ ಅನ್ನುವುದರ ಮೇಲೆಯೇ ಎಷ್ಟು ನೆನಪಿಟ್ಟುಕೊಳ್ಳಬೇಕು ಅನ್ನುವುದೂ ನಿಂತಿದೆ. ಈ ಎರಡನ್ನೂ ಒಟ್ಟಿಗೆ ತೂಗುವವರು ಕಡಿಮೆ. ನಿಮ್ಮ ಪಿಎಚ್‌ಡಿಗೆ ಇದೇ ಒಂದು ಒಳ್ಳೆಯ ಬಾಗಿಲು.

ಇನ್ನು ರಕ್ಷಣೆಯ ಉಪಾಯಗಳು. ಇದರ ಬೀಜ 1965ರಷ್ಟು ಹಳೆಯದು. ಸ್ಟ್ಯಾನ್ಲಿ ವಾರ್ನರ್ ಅನ್ನುವವರು ಸಮೀಕ್ಷೆಗಳಿಗಾಗಿ ಯೋಚಿಸಿದ್ದು. ನಾಣ್ಯ ಇಟ್ಟುಕೊಂಡು ಅದನ್ನು ಹೀಗೆ ವಿವರಿಸುವುದು ರೂಢಿ. 1000 ವಿದ್ಯಾರ್ಥಿಗಳಿಗೆ "ಉತ್ತರ ನಕಲು ಮಾಡಿದ್ದೀರಾ?" ಅಂತ ಕೇಳಬೇಕು. ಯಾರೂ ನಿಜ ಹೇಳುವುದಿಲ್ಲ. ಅದಕ್ಕೆ ಪ್ರತಿಯೊಬ್ಬರೂ ಗುಟ್ಟಾಗಿ ನಾಣ್ಯ ಚಿಮ್ಮಲಿ. ತಲೆ ಬಿದ್ದರೆ ನಿಜ ಹೇಳಲಿ. ಬಾಲ ಬಿದ್ದರೆ ಇನ್ನೊಮ್ಮೆ ಚಿಮ್ಮಿ, ತಲೆಗೆ "ಹೌದು", ಬಾಲಕ್ಕೆ "ಇಲ್ಲ" ಅನ್ನಲಿ. 400 ಜನ "ಹೌದು" ಅಂದರು ಅಂತಿಟ್ಟುಕೊಳ್ಳಿ. ಬರೀ ನಾಣ್ಯದಿಂದ ಬಂದ ಹೌದು ಸುಮಾರು 250. ಉಳಿದ 150 ನಿಜ ಹೇಳಿದ 500 ಜನರಿಂದ ಬಂದದ್ದು. ಅಂದರೆ ಶೇ. 30 ಜನ ನಕಲು ಮಾಡಿದ್ದಾರೆ. ಒಟ್ಟು ಲೆಕ್ಕ ಸಿಕ್ಕಿತು. ಆದರೆ "ಹೌದು" ಅಂದ ಯಾರನ್ನೇ ಹಿಡಿದು ಕೇಳಿದರೂ "ಅದು ನಾಣ್ಯ ಹೇಳಿದ್ದು" ಅನ್ನಬಹುದು. ನನಗೆ ಈ ಉಪಾಯ ಪ್ರತಿ ಸಲವೂ ಖುಷಿ ಕೊಡುತ್ತದೆ.

2006ರಲ್ಲಿ ಸಿಂಥಿಯಾ ಡ್ವರ್ಕ್ ಮತ್ತು ಅವರ ಜೊತೆಗಾರರು ಇಂಥ ಯೋಚನೆಗೆ ಗಣಿತದ ಗಟ್ಟಿ ತಳಪಾಯ ಹಾಕಿದರು. ಡಿಫರೆನ್ಷಿಯಲ್ ಪ್ರೈವಸಿ ಅಂತ ಹೆಸರು. ನೀವು ಆ ಫೈಲ್‌ನಲ್ಲಿ ಇದ್ದರೂ ಇಲ್ಲದಿದ್ದರೂ ಹೊರಗೆ ಬರುವ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಬಾರದು, ಅದಕ್ಕೆ ಬೇಕಾದಷ್ಟು ಗದ್ದಲವನ್ನು, ಅಂದರೆ ಆ ನಾಣ್ಯದ ಉತ್ತರಗಳ ಹಾಗೆ ಬೇಕೆಂದೇ ಸೇರಿಸುವ ಏರುಪೇರನ್ನು, ಅಳೆದು ಬೆರೆಸಬೇಕು, ಇದು ಅದರ ತಿರುಳು. ಅಮೆರಿಕದ 2020ರ ಜನಗಣತಿಯಲ್ಲಿ ಇದನ್ನು ಬಳಸಿದರು. ಡೇಟಾ ಫೋನಿನಲ್ಲೇ ಇರಲಿ, ಮಾಡೆಲ್‌ನ ತಿದ್ದುಪಡಿ ಮಾತ್ರ ಸರ್ವರ್‌ಗೆ ಹೋಗಲಿ ಅನ್ನುವ ಫೆಡರೇಟೆಡ್ ಲರ್ನಿಂಗ್ ಕೂಡ ಇದೆ. ಆ ತಿದ್ದುಪಡಿಯಿಂದಲೇ ಮೂಲ ಡೇಟಾವನ್ನು ಹೊರಗೆಳೆಯಬಹುದು ಅಂತ 2019ರಲ್ಲಿ ತೋರಿಸಿದ್ದಾರೆ. ಹಾಗಾಗಿ ಅದೊಂದನ್ನೇ ನಂಬಿ ಕೂರಬೇಡಿ.

ಕಲಿಕೆಯ ವಿಷಯದಲ್ಲಿ ಈ ಗದ್ದಲ ಬೆರೆಸುವುದರಲ್ಲಿ ನನ್ನನ್ನು ಕಾಡುವ ಒಂದು ತೊಡಕಿದೆ. ಲಕ್ಷ ಜನರ ಲೆಕ್ಕಕ್ಕೆ ಸ್ವಲ್ಪ ಗದ್ದಲ ಏನೂ ಮಾಡುವುದಿಲ್ಲ. ಮೂವತ್ತು ಮಕ್ಕಳ ಒಂದು ತರಗತಿಗೆ ಅಷ್ಟೇ ಗದ್ದಲ ಹಾಕಿದರೆ ಏನೂ ಕಾಣುವುದಿಲ್ಲ. ಡಿಫರೆನ್ಷಿಯಲ್ ಪ್ರೈವಸಿಯಿಂದ ಆಗುವ ನಷ್ಟ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ, ಸಂಖ್ಯೆಯಲ್ಲಿ ಕಡಿಮೆ ಇರುವ ಗುಂಪುಗಳ ಮೇಲೆ ಜಾಸ್ತಿ ಬೀಳುತ್ತದೆ ಅಂತ 2019ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಎಲ್ಲರ ಹಾಗೆ ತಪ್ಪು ಮಾಡದ, ತನ್ನದೇ ರೀತಿಯಲ್ಲಿ ಎಡವುವ ಮಗುವಿಗೇ ಈ ಸಾಫ್ಟ್‌ವೇರ್‌ನ ಸಹಾಯ ಜಾಸ್ತಿ ಬೇಕು. ಗದ್ದಲದಲ್ಲಿ ಮೊದಲು ಮಾಯವಾಗುವುದು ಅದೇ ಮಗು. ಗದ್ದಲ ಹಾಕದಿದ್ದರೆ ಮೊದಲು ಗುರುತು ಸಿಗುವುದೂ ಅದರದ್ದೇ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಪೂರ್ತಿ ಒಪ್ಪುವಂಥ ಉತ್ತರವನ್ನು ನಾನು ಯಾರಲ್ಲೂ ನೋಡಿಲ್ಲ.

ಇನ್ನೊಂದು ಕಡೆ ತುರ್ತಾಗಿ ಕೆಲಸ ಬೇಕು. ಈಗಿನ ಟ್ಯೂಟರ್‌ಗಳು ಮಾತಾಡುತ್ತವೆ. ಮಕ್ಕಳು ಅದಕ್ಕೆ ಲೆಕ್ಕದ ಉತ್ತರ ಮಾತ್ರ ಬರೆಯುವುದಿಲ್ಲ. "ನಿನ್ನೆ ಮನೆಯಲ್ಲಿ ಜಗಳ, ಓದೋಕೆ ಆಗಲಿಲ್ಲ" ಅಂತಲೂ ಬರೆಯುತ್ತಾರೆ. ತಾಳ್ಮೆಯಿಂದ ಉತ್ತರಿಸುವವರ ಹತ್ತಿರ ಯಾರಾದರೂ ಮನಸ್ಸು ಬಿಚ್ಚುತ್ತಾರೆ, ಅದು ಸಹಜ. ಆ ಮಾತುಗಳ ಮೇಲೆ ಇನ್ನೊಂದು ಮಾಡೆಲ್‌ಗೆ ತರಬೇತಿ ಕೊಟ್ಟರೆ ಏನಾಗಬಹುದು? ನಿಕೋಲಸ್ ಕಾರ್ಲಿನಿ ಮತ್ತು ಜೊತೆಗಾರರು 2021ರ ಪ್ರಬಂಧದಲ್ಲಿ ಪಠ್ಯ ಬರೆಯುವ ಜಿಪಿಟಿ-2 ಮಾಡೆಲ್‌ನಿಂದ ತರಬೇತಿಯ ಪಠ್ಯವನ್ನು ಅಕ್ಷರಶಃ ಹೊರಗೆ ತೆಗೆದು ತೋರಿಸಿದ್ದಾರೆ. ಅದರಲ್ಲಿ ಜನರ ಹೆಸರು, ಫೋನ್ ನಂಬರ್, ಇಮೇಲ್ ಸಿಕ್ಕಿದ್ದವು. ಇಂಥ ಪಠ್ಯದಲ್ಲಿ ಹೆಸರಿನ ಕಾಲಂ ಅಂತ ಒಂದಿರುವುದಿಲ್ಲ. ಎಲ್ಲಿ ಏನನ್ನು ಅಳಿಸುತ್ತೀರಿ?

ನಿಮ್ಮ ಆ್ಯಪ್ ವಿಷಯಕ್ಕೆ ಬಂದರೆ, ಅವರಿಗೆ ಬರೆದು ಕೇಳಿ. ಸಮಯವನ್ನು ಸೆಕೆಂಡಿನ ಲೆಕ್ಕದಲ್ಲಿ ಹಂಚುತ್ತೀರಾ, ಅಥವಾ ವಾರದ ಲೆಕ್ಕಕ್ಕೆ ಇಳಿಸುತ್ತೀರಾ? ಕಚ್ಚಾ ಲಾಗ್ ಎಷ್ಟು ದಿನ ಇಡುತ್ತೀರಾ? ನಾನು ಅಳಿಸಿ ಅಂದರೆ ಫೈಲ್‌ನಿಂದ ಮಾತ್ರವಾ, ನನ್ನ ಡೇಟಾದಿಂದ ಕಲಿತ ಮಾಡೆಲ್‌ನಿಂದಲೂ ಹೋಗುತ್ತಾ? ಮೂರನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟವರು ನನಗೆ ಇನ್ನೂ ಸಿಕ್ಕಿಲ್ಲ. ಕಲಿತ ಮಾಡೆಲ್‌ನಿಂದಲೂ ಹಾಗೆ ಅಳಿಸುವುದನ್ನು ಮಷೀನ್ ಅನ್‌ಲರ್ನಿಂಗ್ ಅಂತಾರೆ, 2015ರಿಂದ ಆ ಹೆಸರಿನಲ್ಲೇ ಕೆಲಸ ನಡೆಯುತ್ತಿದೆ.

ಪಿಎಚ್‌ಡಿಗೆ ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಆ ಆ್ಯಪ್‌ನಿಂದ ನಿಮ್ಮದೇ ಡೇಟಾ ಕೇಳಿ ಪಡೆಯಿರಿ. ಹೆಸರಿನ ಕಾಲಂ ಅಳಿಸಿ, ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರಿಗೆ ತೋರಿಸಿ, ಇದು ಯಾರದ್ದು ಅಂತ ಕೇಳಿ. ಬೇರೆಯವರ ಸಾಲುಗಳ ಮೇಲೆ, ಅವರ ಒಪ್ಪಿಗೆ ಇಲ್ಲದೆ, ಇದನ್ನು ದಯವಿಟ್ಟು ಮಾಡಬೇಡಿ. ನಾನು ಮಾಡಿದ್ದು ತಪ್ಪು. ಗೆಳತಿಗೆ ಆಮೇಲೆ ಹೇಳಿದೆ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಆ ಫೈಲ್ ಇನ್ನೂ ಯಾರ ಯಾರ ಹತ್ತಿರ ಇದೆ?"