ಪುಲಿಡೋರ್ ಕಳೆದುಕೊಂಡ 55 ಸೆಕೆಂಡ್

1964ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಫ್ರೆಂಚ್ ಸವಾರ ರೇಮೊಂ ಪುಲಿಡೋರ್ ಕೈತಪ್ಪಿದ್ದು ಮುಖ್ಯವಾಗಿ ಬೋನಸ್ ಸೆಕೆಂಡ್‌ಗಳಿಂದ, ಅಂದರೆ ಹಂತ ಗೆದ್ದವರ ಒಟ್ಟು ಸಮಯದಿಂದ ಕಳೆಯುವ ಸೆಕೆಂಡ್‌ಗಳಿಂದ. ನಿಮ್ಮ ನಂದಿ ಬೆಟ್ಟದ ರೈಡ್ ಗ್ಯಾಂಗ್ ಹೇಳೋ ಹಾಗೆ ಪ್ಯು ದ ಡೋಮ್ ಬೆಟ್ಟದ ಏರಿನಲ್ಲಿ ತಡವಾಗಿ ಅಟ್ಯಾಕ್ ಮಾಡಿದ್ದು (ವೇಗ ಹೆಚ್ಚಿಸಿ ಎದುರಾಳಿಯನ್ನು ಹಿಂದೆ ಬಿಡಲು ನೋಡಿದ್ದು) ಎರಡನೇ ಮಾತು.

ವಾದಕ್ಕೆ ಕೂರುವ ಮುಂಚೆ ಕೊನೆಯ ಅಂತರ ಬರೆದಿಟ್ಟುಕೊಳ್ಳಿ: ಟೂರ್ ಗೆದ್ದ ಜಾಕ್ ಆಂಕೆತಿಲ್‌ಗಿಂತ 55 ಸೆಕೆಂಡ್ ಹಿಂದೆ. ಆಮೇಲೆ ಮೊನಾಕೊ ಹಂತ ತೆಗೆಯಿರಿ. ಟ್ರ್ಯಾಕ್‌ನಲ್ಲಿ ಇನ್ನೊಂದು ಸುತ್ತು ಬಾಕಿ ಇರುವಾಗಲೇ ಪುಲಿಡೋರ್ ಗೆದ್ದೆ ಅಂದುಕೊಂಡು ಸ್ಪ್ರಿಂಟ್ ಮುಗಿಸಿಬಿಟ್ಟರು. ಹಂತ ಗೆದ್ದ ಆಂಕೆತಿಲ್‌ಗೆ ಬೋನಸ್ ಆಗಿ ಒಟ್ಟು ಸಮಯದಲ್ಲಿ 1 ನಿಮಿಷ ಕಡಿತ. 55 ಅಲ್ಲೇ ಮುಳುಗಿತು, ಇದು ದುರದೃಷ್ಟ ಅಲ್ಲವೇ ಅಲ್ಲ. ಟೂಲೂಸ್ ಹಂತದಲ್ಲಿ ಮೆಕ್ಯಾನಿಕ್ ಪುಲಿಡೋರ್ ಅವರನ್ನು ಜೋರಾಗಿ ತಳ್ಳಿ ಬೀಳಿಸಿದ್ದನ್ನು ಬೇಕಾದರೆ ದುರದೃಷ್ಟದ ಖಾತೆಗೆ ಹಾಕಿ. ಪ್ಯು ದ ಡೋಮ್‌ನಲ್ಲಿ 42 ಸೆಕೆಂಡ್ ಗಳಿಸಿ ಅಂತರವನ್ನು 14ಕ್ಕೆ ಇಳಿಸಿದ್ದರು. ಪ್ರತಿಯೊಬ್ಬರೂ ಒಂಟಿಯಾಗಿ ಗಡಿಯಾರದ ವಿರುದ್ಧ ಓಡಿಸುವ ಕೊನೆಯ ಟೈಮ್ ಟ್ರಯಲ್‌ನಲ್ಲಿ ಅದು ಮತ್ತೆ ಬೆಳೆಯಿತು.

ಮೊನಾಕೊ ಗೆದ್ದಿದ್ದರೆ ಟೂರೂ ಅವರದೇ ಅಂತ ಮಾತ್ರ ಹೇಳಬೇಡಿ. ಹಿಂದೆ ಬಿದ್ದಿದ್ದರೆ ಆಂಕೆತಿಲ್ ಬೇರೆ ಲೆಕ್ಕದಲ್ಲೇ ಓಡಿಸುತ್ತಿದ್ದರೇನೋ. ಯಾರಾದರೂ 1989ರ ಟೂರ್‌ನಲ್ಲಿ ಫಿನ್ಯೋನ್ 8 ಸೆಕೆಂಡ್‌ನಿಂದ ಸೋತದ್ದನ್ನು ಎಳೆದು ತಂದರೆ ಬೇರೆಯಾಗಿಡಿ, ಅವರ ಮುನ್ನಡೆ ಹೋದದ್ದು ಕೊನೆಯ ದಿನದ 24.5 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ.