ಕೋಹೌಸಿಂಗ್‌ನಿಂದ ಲಾಭ ಇರುವುದು ನಿಜಾನಾ?

ನಿಮ್ಮ ಪ್ರಶ್ನೆ ಇದು: ಕೋಹೌಸಿಂಗ್‌ನಲ್ಲಿದ್ದರೆ (ಅಂದರೆ ಅವರವರ ಮನೆ ಇಟ್ಟುಕೊಂಡೇ ಕೆಲವನ್ನು ಹಂಚಿಕೊಂಡು ಬಾಳುವ ನೆರೆಹೊರೆಯಲ್ಲಿದ್ದರೆ) ಒಂಟಿತನ ಕಾಡುವುದಿಲ್ಲ, ಪರಿಸರಕ್ಕೂ ಒಳ್ಳೆಯದು ಅಂತಾರೆ, ಇದರಲ್ಲಿ ನಿಜ ಎಷ್ಟು, ಬರೀ ಜಾಹೀರಾತು ಎಷ್ಟು?

ನನಗೆ ತಿಳಿದ ಮಟ್ಟಿಗೆ ಎರಡೂ ನಿಜ. ಆದರೆ ಇವೆರಡನ್ನೂ ಬೇರೆ ಬೇರೆ ಲಾಭ ಅಂದುಕೊಂಡರೆ ವಿಷಯದ ಬುಡ ಸಿಗುವುದಿಲ್ಲ. ಅಲ್ಲಿನವರು ಒಬ್ಬರನ್ನೊಬ್ಬರು ನಂಬಿ ವಸ್ತು ಹಂಚಿಕೊಳ್ಳುತ್ತಾರೆ, ಪರಿಸರದ ಉಳಿತಾಯ ಬಹುಪಾಲು ಅಲ್ಲಿಂದಲೇ ಬರುತ್ತದೆ. ನಂಬಿಕೆ ಇಲ್ಲದ ಕಡೆ ಏನು ಕಟ್ಟಿದರೂ ಅದು ಸೋಲಾರ್ ಹಾಕಿಸಿಕೊಂಡ ಇನ್ನೊಂದು ಕಾಲೊನಿ ಅಷ್ಟೇ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಒಂದು ಕೋಹೌಸಿಂಗ್‌ನಲ್ಲಿ ಸಾಮಾನ್ಯವಾಗಿ ಇಪ್ಪತ್ತು ಮೂವತ್ತು ಮನೆ ಇರುತ್ತವೆ. ಪ್ರತಿ ಮನೆಗೂ ಅದರದ್ದೇ ಬಾಗಿಲು, ಅದರದ್ದೇ ಅಡುಗೆಮನೆ. ದುಡಿಮೆ, ದುಡ್ಡು ಅವರವರದ್ದು. ಜೊತೆಗೆ ಎಲ್ಲರಿಗೂ ಸೇರಿದ ಒಂದು ದೊಡ್ಡ ಮನೆ ಇರುತ್ತದೆ. ಊಟದ ಹಾಲ್, ವಾಷಿಂಗ್ ಮೆಷಿನ್, ನೆಂಟರು ಬಂದರೆ ಉಳಿಯಲು ಕೋಣೆ ಎಲ್ಲ ಅಲ್ಲೇ. ನಕ್ಷೆಯಿಂದ ಹಿಡಿದು ನಲ್ಲಿ ರಿಪೇರಿವರೆಗೆ ತೀರ್ಮಾನ ಅಲ್ಲಿರುವವರದ್ದೇ.

ಇದು ಈಗಿನ ರೂಪದಲ್ಲಿ ಶುರುವಾಗಿದ್ದು ಡೆನ್ಮಾರ್ಕಿನಲ್ಲಿ. ಯಾನ್ ಗುಡ್ಮಂಡ್ ಹೋಯರ್ ಎಂಬ ಆರ್ಕಿಟೆಕ್ಟ್ 1964ರಲ್ಲಿ ಗೆಳೆಯರ ಜೊತೆ ಕೂತು ಯೋಜನೆ ಹಾಕಿದರು. ಕೋಪನ್‌ಹೇಗನ್ ಹೊರವಲಯದಲ್ಲಿ ಜಾಗವನ್ನೂ ಕೊಂಡರು. ಅಕ್ಕಪಕ್ಕದವರು ಅಡ್ಡ ಬಂದರು. ಇಷ್ಟೊಂದು ಮಕ್ಕಳು ಬಂದರೆ ಗಲಾಟೆ ತಡೆಯೋಕಾಗಲ್ಲ ಅನ್ನೋದು ಅವರ ತಕರಾರು! ಯೋಜನೆ ಅಲ್ಲಿಗೇ ಬಿತ್ತು. ಆದರೆ 1967ರಲ್ಲಿ ಬೋದಿಲ್ ಗ್ರೋ ಎಂಬ ಲೇಖಕಿ, ಪ್ರತಿ ಮಗುವಿಗೂ ನೂರು ಜನ ಅಪ್ಪ ಅಮ್ಮ ಇರಬೇಕು ಅಂತ ಪತ್ರಿಕೆಯಲ್ಲಿ ಬರೆದರು. ಅದನ್ನು ಓದಿ ಮತ್ತಷ್ಟು ಜನ ಮುಂದೆ ಬಂದರು. 1972ರಲ್ಲಿ ಸೆಟ್ಟೆಡಾಮೆನ್ ಎಂಬಲ್ಲಿ 27 ಮನೆ ಎದ್ದು ನಿಂತವು. ಅಮೆರಿಕದ ಮೊದಲನೆಯದು, ಡೇವಿಸ್ ನಗರದ ಮ್ಯೂರ್ ಕಾಮನ್ಸ್, 1991ರದ್ದು.

ಇಂಥ ಜಾಗದ ನಕ್ಷೆ ಸಿಕ್ಕರೆ ನಾನು ಮೊದಲು ನೋಡುವುದು ಪಾತ್ರೆ ತೊಳೆಯುವ ಸಿಂಕ್ ಎಲ್ಲಿದೆ ಅಂತ. ಚೆನ್ನಾಗಿ ಯೋಚಿಸಿ ಮಾಡಿದ ಕಡೆ ಸಿಂಕಿನ ಮೇಲಿನ ಕಿಟಕಿ ಎಲ್ಲರೂ ಓಡಾಡುವ ದಾರಿಗೆ ತೆರೆದಿರುತ್ತದೆ. ಪಾತ್ರೆ ತೊಳೆಯುತ್ತಲೇ ಆಡುವ ಮಕ್ಕಳ ಮೇಲೆ ಕಣ್ಣಿಡಬಹುದು. ಮಲಗುವ ಕೋಣೆ ಹಿಂದುಗಡೆ, ಅಲ್ಲಿ ಯಾರ ಕಣ್ಣೂ ಬೀಳಬಾರದು. ಕಾರುಗಳನ್ನು ಜಾಗದ ಅಂಚಿನಲ್ಲೇ ನಿಲ್ಲಿಸಬೇಕು. ಅಲ್ಲಿಂದ ಮನೆಗೆ ನಡೆಯುವಾಗ ಸಾಮಾನ್ಯವಾಗಿ ಆ ದೊಡ್ಡ ಮನೆಯನ್ನು ಹಾದೇ ಹೋಗಬೇಕು. ಹಾಗೆ ಹೋಗುವಾಗ ಯಾರೋ ಸಿಗುತ್ತಾರೆ, ಏನೋ ಮಾತು ಬರುತ್ತದೆ. ಪಕ್ಕದ ಮನೆಯ ಹಿರಿಯರು ಎರಡು ದಿನದಿಂದ ಕಾಣಲಿಲ್ಲವಲ್ಲ ಅಂತ ಗೊತ್ತಾಗುವುದೂ ಹೀಗೇ. ಯಾರೂ ಯಾರ ಬಾಗಿಲನ್ನೂ ಬೇಕಂತಲೇ ತಟ್ಟಬೇಕಿಲ್ಲ. ಸಂಕೋಚದವರಿಗೆ ಇದು ದೊಡ್ಡ ಉಪಕಾರ, ಅಲ್ವಾ?

ಇನ್ನು ಒಟ್ಟಿಗೆ ಊಟ. ವಾರಕ್ಕೆ ಎರಡು ಮೂರು ಸಲ ಇಟ್ಟುಕೊಳ್ಳುವವರು ಜಾಸ್ತಿ. ದೊಡ್ಡವರು 45 ಜನ ಇದ್ದಾರೆ, ಒಂದು ಊಟಕ್ಕೆ ಮೂರು ಜನ ಅಡುಗೆ ಅಂದುಕೊಳ್ಳಿ. ನಿಮ್ಮ ಸರದಿ ಬರುವುದು ಹದಿನೈದು ಊಟಕ್ಕೊಮ್ಮೆ. ಆ ದಿನ ಬೆನ್ನು ಮುರಿಯುತ್ತೆ, ಸುಳ್ಳು ಹೇಳಲ್ಲ. ಉಳಿದ ಹದಿನಾಲ್ಕು ಸಲ ತಟ್ಟೆ ಹಿಡಿದು ಹೋದರಾಯಿತು. ಸಣ್ಣ ಮಕ್ಕಳಿದ್ದು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಇದರ ಬೆಲೆ ಗೊತ್ತು. ಒಂದು ಒಲೆ, ಒಂದು ಸಲದ ಖರೀದಿ, ಹಾಗಾಗಿ ಇಂಧನವೂ ಪ್ಯಾಕೆಟ್ ಕಸವೂ ಕಡಿಮೆ.

ಪರಿಸರದ ಲೆಕ್ಕದಲ್ಲಿ ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಮನೆಯ ಅಳತೆ. ನೆಂಟರ ಕೋಣೆಯನ್ನೇ ತಗೊಳ್ಳಿ. ವರ್ಷಕ್ಕೆ ಹದಿನೈದು ರಾತ್ರಿ ಬಳಸುವ ಕೋಣೆಯನ್ನು 25 ಮನೆಯಲ್ಲೂ ಕಟ್ಟಿದರೆ 25 ಕೋಣೆಯ ಸಿಮೆಂಟು, ಕಬ್ಬಿಣ, ಬಣ್ಣ. ಆಮೇಲೆ ಅದನ್ನು ಬೆಚ್ಚಗಿಡಲೋ ತಣ್ಣಗಿಡಲೋ ಕರೆಂಟು. ಒಟ್ಟು ಬಳಕೆ ಮಾತ್ರ 375 ರಾತ್ರಿ. ಎಲ್ಲರಿಗೂ ಸೇರಿ ಎರಡು ಕೋಣೆ ಇದ್ದರೆ 730 ರಾತ್ರಿ ಸಿಗುತ್ತವೆ. (ರಜೆಯಲ್ಲಿ ಎಲ್ಲರ ನೆಂಟರೂ ಒಂದೇ ದಿನ ಬಂದಿಳಿದಾಗ ಕಿತ್ತಾಟ ಇದ್ದದ್ದೇ, ಅದು ಬೇರೆ ಮಾತು.) ವಾಷಿಂಗ್ ಮೆಷಿನ್, ಡ್ರಿಲ್, ಏಣಿ ಎಲ್ಲಕ್ಕೂ ಇದೇ ಲೆಕ್ಕ. ಮನೆ ಚಿಕ್ಕದಾಗುತ್ತದೆ, ಆದರೂ ಇಕ್ಕಟ್ಟು ಅನ್ನಿಸುವುದಿಲ್ಲ, ಯಾಕೆಂದರೆ ಹೊರಗೆ ಹಾಲ್ ಇದೆ. ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿದ್ದರೆ ಹೊರಗಿನ ಬಿಸಿಲು ಚಳಿಗೆ ಒಡ್ಡಿಕೊಳ್ಳುವ ಗೋಡೆಯೂ ಕಡಿಮೆ.

ಒಬ್ಬೊಬ್ಬರೇ ಇದ್ದರೆ ದುಬಾರಿಯಾಗುವ ಕೆಲಸವನ್ನು ಒಟ್ಟಾಗಿ ಮಾಡಿಸಲೂ ಆಗುತ್ತದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ 2013ರಲ್ಲಿ ಮುಗಿದ ಲೈಲಾಕ್ ಎಂಬ ಕೋಹೌಸಿಂಗ್‌ನ 20 ಮನೆಗಳ ಗೋಡೆಗೆ ಮರದ ಚೌಕಟ್ಟಿನಲ್ಲಿ ಒಣಹುಲ್ಲು ತುಂಬಿದ್ದಾರೆ. ಅಲ್ಲಿನವರು ಮನೆಗಾಗಿ ತಿಂಗಳಿಗೆ ಕಟ್ಟುವ ಹಣ ತಮ್ಮ ಕೈಗೆ ಬರುವ ಆದಾಯದ ಶೇ. 35. ಇಂಗ್ಲೆಂಡಿನದೇ ಲ್ಯಾಂಕಾಸ್ಟರ್ ಊರಿನ ಹತ್ತಿರದ 41 ಮನೆಗಳ ಸಮುದಾಯದಲ್ಲಿ ಮನೆ ಬೆಚ್ಚಗಿಡಲು ಅತಿ ಕಡಿಮೆ ಇಂಧನ ಸಾಕಾಗುವ ಹಾಗೆ ಕಟ್ಟಿ, ಕಾರನ್ನೂ ಹಂಚಿಕೊಳ್ಳುತ್ತಾರೆ.

ಹಾಗಂತ ಎಲ್ಲ ಹೊಗಳಿಕೆಯನ್ನೂ ನಂಬಬೇಡಿ. ಇಲ್ಲಿಗೆ ಬರುವವರಲ್ಲಿ ಮೊದಲೇ ಸೈಕಲ್ ತುಳಿಯುವವರು, ಕಸ ಬೇರೆ ಮಾಡುವವರು ಹೆಚ್ಚು. ಅವರ ಕಡಿಮೆ ಬಳಕೆಗೆಲ್ಲ ಕೋಹೌಸಿಂಗೇ ಕಾರಣ ಅಂದರೆ ತಪ್ಪಾಗುತ್ತದೆ. ಜಾಗ ಅಗ್ಗ ಅಂತ ಊರಾಚೆ ದೂರ ಕಟ್ಟಿ, ಹಾಲು ತರಲೂ ಕಾರು ಹತ್ತಬೇಕಾದರೆ ಚಿಕ್ಕ ಮನೆಯಲ್ಲಿ ಉಳಿಸಿದ್ದು ರಸ್ತೆಯಲ್ಲಿ ಹೋಗುತ್ತದೆ. ಕೈಯಲ್ಲಿ ಕಾಸೂ ಸಮಯವೂ ಇರುವವರೇ ಸೇರುವುದರಿಂದ ಎಲ್ಲರೂ ಒಂದೇ ತರಹದವರಾಗಿಬಿಡುವುದೂ ಉಂಟು. ಬಾಡಿಗೆ ಮನೆಗಳನ್ನೂ ಸೇರಿಸಿದ ಕಡೆ ಇದು ಸ್ವಲ್ಪ ಸುಧಾರಿಸುತ್ತದೆ.

ಮೀಟಿಂಗ್‌ಗಳ ಬಗ್ಗೆ ಹೇಳಲೇಬೇಕು. ಹೆಚ್ಚಿನ ಕಡೆ ಓಟು ಹಾಕಿ ಮುಗಿಸುವುದಿಲ್ಲ, ಎಲ್ಲರೂ ಒಪ್ಪುವವರೆಗೆ ಮಾತಾಡುತ್ತಾರೆ. ನಾಯಿ ಸಾಕಬಹುದಾ ಅನ್ನುವ ಒಂದೇ ವಿಷಯ ತಿಂಗಳುಗಟ್ಟಲೆ ಎಳೆಯಬಹುದು. ಕಟ್ಟುವುದಂತೂ ಇನ್ನೂ ನಿಧಾನ. ಲಂಡನ್ನಿನ ನ್ಯೂ ಗ್ರೌಂಡ್, ಐವತ್ತು ದಾಟಿದ ಹೆಂಗಸರು ತಮಗಾಗಿ ಕಟ್ಟಿಸಿಕೊಂಡ 25 ಫ್ಲ್ಯಾಟ್. ಅವರ ಗುಂಪು ಶುರುವಾಗಿದ್ದು 1998ರಲ್ಲಿ, ಮನೆಯೊಳಗೆ ಕಾಲಿಟ್ಟಿದ್ದು 2016ರಲ್ಲಿ. ಕಾದವರಲ್ಲಿ ಎಲ್ಲರಿಗೂ ಅಷ್ಟು ಆಯಸ್ಸು ಇರಬೇಕಲ್ಲ!

ಅದಕ್ಕೇ ನಿಮಗೆ ಆಸಕ್ತಿ ಇದ್ದರೆ ಹೊಸದನ್ನು ಕಟ್ಟಲು ಹೊರಡುವ ಮೊದಲು ಈಗಾಗಲೇ ನಡೆಯುತ್ತಿರುವ ಕಡೆ ಕೆಲವು ತಿಂಗಳು ಬಾಡಿಗೆಗೆ ಇದ್ದು ನೋಡಿ. ಸುಮ್ನೆ ಒಂದು ದಿನ ಸುತ್ತಾಡಿ ಬಂದರೆ ತೋಟ ಮಾತ್ರ ಕಾಣುತ್ತದೆ. ಒಂದು ಮೀಟಿಂಗ್‌ನಲ್ಲಿ ಕೊನೆವರೆಗೂ ಕೂತುಕೊಳ್ಳಿ. ಹೋದ ಸಲ ಜಗಳ ಯಾವುದಕ್ಕೆ ಆಯಿತು, ಹೇಗೆ ಬಗೆಹರಿಯಿತು ಅಂತ ಕೇಳಿ. ನಮ್ಮಲ್ಲಿ ಜಗಳವೇ ಇಲ್ಲ ಅಂದರೆ ಬೇರೆ ಕಡೆ ಹುಡುಕಿ.