ರಾಜ್ಯೋತ್ಸವಕ್ಕೆ ಊರಲ್ಲಿ ಮಾದರಿ ವಿಮಾನ ಹಾರಾಟ: ಶಾಲೆ ಮೈದಾನ ಸಾಕಾ?

ಮಂಡ್ಯ ಹತ್ತಿರದ ನಿಮ್ಮೂರಲ್ಲಿ ನವೆಂಬರ್ 1ರ ಸಂಜೆ ಮೈಸೂರಿನ ಹವ್ಯಾಸಿಗಳು ಬಂದು 20 ನಿಮಿಷ ರಿಮೋಟ್ ವಿಮಾನ ಹಾರಿಸ್ತಾರೆ, ಶಾಲೆ ಮೈದಾನ ಸಾಕಾ, ನಾವೇನು ಸಿದ್ಧ ಮಾಡ್ಕೋಬೇಕು ಅಂತ ಕೇಳಿದ್ದೀರಿ.

ಶಾಲೆ ಮೈದಾನ ಸಾಲದು. ಒಂದು ಕೆ.ಜಿ. ತೂಕದ ಫೋಮ್ ಟ್ರೈನರ್ (ಕಲಿಯುವವರು ಹಾರಿಸೋ ಹಗುರ ಫೋಮ್ ವಿಮಾನ) ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದರೂ ಸೆಕೆಂಡಿಗೆ 14 ಮೀಟರ್ ಹೋಗುತ್ತೆ. ನೂರು ಮೀಟರ್ ಮೈದಾನ ಏಳು ಸೆಕೆಂಡಿಗೆ ಮುಗಿಯಿತು; ತಿರುಗುವ ಹೊತ್ತಿಗೆ ವಿಮಾನ ಯಾರದೋ ಹೆಂಚಿನ ಮೇಲೋ ಕರೆಂಟ್ ತಂತಿ ಮೇಲೋ ಇರುತ್ತೆ. ಗದ್ದೆಯಲ್ಲಿ ಆಗ ಭತ್ತ ನಿಂತಿರುತ್ತೆ. ಹಾಗಾಗಿ ಊರಾಚೆಯ ಜಾತ್ರೆಮಾಳ ನೋಡಿ. ಇಳಿಯೋಕೆ 60 ಮೀಟರ್ ಉದ್ದ, 10 ಮೀಟರ್ ಅಗಲ ಕಲ್ಲಿಲ್ಲದ ಜಾಗ, ಅದರ ಎರಡೂ ತುದಿಗೆ ತೆಂಗಿನ ಮರ ಇರಬಾರದು.

ಎಲ್ಲಕ್ಕಿಂತ ಮುಖ್ಯ ಜನ ಎಲ್ಲಿ ನಿಲ್ಲುತ್ತಾರೆ ಅನ್ನೋದು. ಸಾಮಾನ್ಯವಾಗಿ ಮೊದಲು ವೇದಿಕೆ ಕಟ್ಟಿ, ಉಳಿದ ಜಾಗದಲ್ಲಿ ಹಾರಿಸಿ ಅಂತಾರೆ. ಅದು ತಿರುಗುಮುರುಗು. ನವೆಂಬರ್ ಮೊದಲ ವಾರ ನಮ್ಮ ಕಡೆ ಗಾಳಿ ಹೆಚ್ಚಾಗಿ ಪೂರ್ವ, ಈಶಾನ್ಯದಿಂದ. ಸೂರ್ಯ ಇಳಿಯೋದು ಪಶ್ಚಿಮಕ್ಕಿಂತ ತುಸು ದಕ್ಷಿಣಕ್ಕೆ. ಆದ್ದರಿಂದ ರನ್‌ವೇ ಪೂರ್ವ-ಪಶ್ಚಿಮ, ಜನ ಪೂರ್ತಿ ದಕ್ಷಿಣದ ಬದಿಗೆ, ಉತ್ತರಕ್ಕೆ ಮುಖ ಮಾಡಿ. ಗಾಳಿಗೆ ಎದುರಾಗಿ ಏರಬಹುದು, ಇಳಿಯಬಹುದು, ಹಾರಿಸುವವನ ಕಣ್ಣಿಗೆ ಬಿಸಿಲೂ ಹೊಡೆಯಲ್ಲ. ವಿಮಾನ ಯಾವತ್ತೂ ರನ್‌ವೇಯ ಉತ್ತರಕ್ಕೇ ಇರಬೇಕು, ಜನರ ತಲೆ ಮೇಲೆ ಒಂದು ಸುತ್ತೂ ಬೇಡ. ಶಾಸಕರು ಕೇಳಿದರೂ ಬೇಡ.

ರನ್‌ವೇ ಅಂಚಿನಿಂದ 30 ಮೀಟರ್ ಬಿಟ್ಟು ಬಿದಿರು ಗಳ ನೆಟ್ಟು ಹಗ್ಗ ಕಟ್ಟಿ. ಎರಡು ಸಾಲು ಬೇಕು, ಒಂದೇ ಆದರೆ ಮಕ್ಕಳು ಕೆಳಗಿಂದ ನುಸುಳ್ತಾರೆ. ಸ್ವಯಂಸೇವಕರು ವಿಮಾನಕ್ಕೆ ಬೆನ್ನು, ಜನಕ್ಕೆ ಮುಖ ಮಾಡಿ ನಿಲ್ಲಬೇಕು. ಹೇಳೋದು ಸುಲಭ, ಐದು ನಿಮಿಷಕ್ಕೆ ಎಲ್ಲರ ಕತ್ತೂ ಮೇಲಕ್ಕೆ ಹೋಗಿರುತ್ತೆ. ಅಪಾಯ ಹೆಚ್ಚು ವಿಮಾನ ಇಳಿದ ಕ್ಷಣದಲ್ಲಿ: ಹತ್ತಿರದಿಂದ ನೋಡೋಕೆ ಅಂತ ಓಡಿಬರ್ತಾರೆ, ಪ್ರೊಪೆಲ್ಲರ್ ಇನ್ನೂ ತಿರುಗ್ತಿರುತ್ತೆ. ಮೈಕ್ ಹಿಡಿದವರು ‘ಬ್ಯಾಟರಿ ತೆಗೆಯುವ ತನಕ ಯಾರೂ ಬರಬೇಡಿ’ ಅಂತ ಪ್ರತಿ ಸಲವೂ ಹೇಳಬೇಕು.

ಅನುಮತಿ ವಿಚಾರ: 2021ರ ಡ್ರೋನ್ ನಿಯಮಗಳ ಪ್ರಕಾರ ಸರ್ಕಾರದ ‘ಡಿಜಿಟಲ್ ಸ್ಕೈ’ ಆನ್‌ಲೈನ್ ಡ್ರೋನ್ ನಕ್ಷೆಯಲ್ಲಿ ಜಾಗ ಹಸಿರಾಗಿದ್ದರೆ 400 ಅಡಿವರೆಗೆ ಪೂರ್ವಾನುಮತಿ ಬೇಡ. ಮೈಸೂರಾಗಿದ್ದರೆ ಮಂಡಕಳ್ಳಿ ವಿಮಾನ ನಿಲ್ದಾಣದ ಲೆಕ್ಕ ಬರ್ತಿತ್ತು. 8ರಿಂದ 12 ಕಿ.ಮೀ. ಅಂತರದಲ್ಲಿ 200 ಅಡಿ ಮಾತ್ರ ಮುಕ್ತ. ನಕ್ಷೆಯನ್ನು ಅದೇ ದಿನ ಬೆಳಗ್ಗೆ ಇನ್ನೊಮ್ಮೆ ನೋಡಿ, ಮಂತ್ರಿಗಳು ಬರೋದಿದ್ದರೆ ತಾತ್ಕಾಲಿಕ ಕೆಂಪು ವಲಯ ಆಗಬಹುದು. ಪೊಲೀಸ್ ಠಾಣೆಗೆ ಲಿಖಿತವಾಗಿ ಕೊಡಿ.

ತಂಡದವರನ್ನು ನೀವು ಕೇಳಬೇಕಾದ್ದು ಎರಡೇ ಪ್ರಶ್ನೆ. ಫೇಲ್‌ಸೇಫ್ ನೋಡಿದ್ದೀರಾ? ಅಂದರೆ ವಿಮಾನ ಬಿಗಿಯಾಗಿ ಹಿಡಿದು ಟ್ರಾನ್ಸ್‌ಮಿಟರ್ (ಕೈಯಲ್ಲಿರೋ ರಿಮೋಟ್) ಆಫ್ ಮಾಡಿದರೆ ಮೋಟಾರ್ ನಿಲ್ಲಬೇಕು. ರೇಂಜ್ ಚೆಕ್ ಯಾವಾಗ? ರಿಮೋಟನ್ನು ಕಡಿಮೆ ಶಕ್ತಿಗೆ ಇಟ್ಟು ಸುಮಾರು 30 ಹೆಜ್ಜೆ ದೂರದಿಂದ ವಿಮಾನ ಮಾತು ಕೇಳುತ್ತಾ ಅಂತ ನೋಡೋದು ವಾಡಿಕೆ. ಬೆಳಗ್ಗೆ ಖಾಲಿ ಮಾಳದಲ್ಲಿ ಮಾಡಿದ್ದಷ್ಟೇ ಸಾಲದು, ಜನ ಸೇರಿದ ಮೇಲೂ ಮಾಡಲಿ. ಜನರ ಫೋನಿನ ವೈಫೈ, ಬ್ಲೂಟೂತ್, ವಿಮಾನದ ರಿಮೋಟ್ ಎಲ್ಲ ಒಂದೇ 2.4 ಗಿಗಾಹರ್ಟ್ಸ್‌ನಲ್ಲಿ ಕೂತಿರುತ್ತವೆ.

ಮೇಲಿಂದ ಹೂ ಸುರಿಸಬೇಕು ಅಂದಿದ್ದೀರಿ. ಆಗುತ್ತೆ. ಸರ್ವೊ (ರಿಮೋಟ್‌ನಿಂದ ತಿರುಗೋ ಪುಟ್ಟ ಮೋಟಾರ್) ತೆರೆಯುವ ತಟ್ಟೆಯಿರುವ ಪೆಟ್ಟಿಗೆಯನ್ನು ಸರಿಯಾಗಿ ಗುರುತ್ವ ಕೇಂದ್ರದ ಕೆಳಗೇ ಕಟ್ಟಬೇಕು, ಇಲ್ಲದಿದ್ದರೆ ಹೂ ಖಾಲಿಯಾದ ತಕ್ಷಣ ಮೂಗು ಏಳುತ್ತೆ ಇಲ್ಲವೇ ಬೀಳುತ್ತೆ. ಚೆಂಡುಹೂವಿನ ತೊಟ್ಟು ತೆಗೆದು ಬರೀ ಎಸಳು ಬಿಡಿಸಿ, ಒಂದು ಗಂಟೆ ನೆರಳಲ್ಲಿ ಹರಡಿ. ಮಾರ್ಕೆಟ್ಟಿನ ಹೂ ನೀರು ಚಿಮುಕಿಸಿದ್ದು, ಹಾಗೇ ತುಂಬಿದರೆ ಉಂಡೆಯಾಗಿ ‘ದೊಪ್’ ಅಂತ ಬೀಳುತ್ತೆ. 50 ಗ್ರಾಂ ಸಾಕು. ಹಳದಿ-ಕೆಂಪು ಕ್ರೇಪ್ ಪೇಪರ್ ಬಾಲವೂ ಚೆನ್ನ: ಎರಡು ಮೀಟರ್ ಉದ್ದ, ತೆಳು ಹತ್ತಿ ದಾರದಲ್ಲಿ ಕಟ್ಟಲಿ, ಎಲ್ಲಾದರೂ ಸಿಕ್ಕಿಕೊಂಡರೆ ದಾರ ಕಿತ್ತು ವಿಮಾನ ಉಳಿಯುತ್ತೆ. ಚಾಕೊಲೇಟ್ ಸುರಿಸೋದು ಬೇಡ, ಮಕ್ಕಳು ಹಗ್ಗ ದಾಟ್ತಾರೆ.

ಎರಡು ಬಕೆಟ್ ಒಣ ಮರಳು ನಿಮ್ಮ ಜವಾಬ್ದಾರಿ, ವಿಮಾನದ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಉಬ್ಬಿ ಹೊಗೆಯಾಡಿದರೆ ಬೇಕು. ಬ್ಯಾಟರಿ ಬದಲು ಇಂಧನದಲ್ಲಿ ಓಡುವ ಗ್ಲೋ ಇಂಜಿನ್ ತಂದಿದ್ದರೆ ಒಣ ಪುಡಿಯ ಅಗ್ನಿಶಾಮಕವೂ ಇರಲಿ; ಅದರ ಇಂಧನದ ಮೆಥನಾಲ್ ಹತ್ತಿಕೊಂಡರೆ ಬಿಸಿಲಲ್ಲಿ ಜ್ವಾಲೆ ಕಣ್ಣಿಗೆ ಕಾಣಲ್ಲ.

ಇನ್ನು ಪಕ್ಕದ ಕಬ್ಬು. ಆಳೆತ್ತರಕ್ಕೂ ಮೀರಿದ ಕಬ್ಬಿನೊಳಗೆ ಬಿದ್ದ ವಿಮಾನ ಐದಡಿ ದೂರದಿಂದಲೂ ಕಾಣಲ್ಲ, ಒಬ್ಬನೇ ನೋಡಿದ ದಿಕ್ಕಿನಲ್ಲಿ ಹೋದರೆ ದೂರ ತಪ್ಪುತ್ತೆ. ರನ್‌ವೇಯ ಎರಡು ತುದಿಗೆ ಒಬ್ಬೊಬ್ಬರನ್ನು ನಿಲ್ಲಿಸಿ. ಬಿದ್ದ ಕೂಡಲೇ ಇಬ್ಬರೂ ನಿಂತಲ್ಲಿಂದಲೇ ಕೈ ಚಾಚಿ ಅಲ್ಲಾಡದೆ ತೋರಿಸಲಿ, ಆ ಎರಡು ಗೆರೆ ಕೂಡುವ ಕಡೆ ಹುಡುಕೋದು. ಒಳಗೆ ಹೋಗುವವರಿಗೆ ತುಂಬುತೋಳಿನ ಅಂಗಿ ಕೊಡಿ, ಗರಿ ಮೈ ಕೊಯ್ಯುತ್ತೆ. ಹೊಲದ ಯಜಮಾನರಿಗೆ ಹಿಂದಿನ ದಿನವೇ ಒಂದು ಮಾತು ಹೇಳಿರಿ.